ಎಡಗೈ ದಾರ

ಭಾನುವಾರ ಬೆಳಗ್ಗೆ ದರ್ಜಿಯ ಅಂಗಡಿಯ ಬಾಗಿಲು ತೆರೆದದ್ದನ್ನು ಆ ಬೀದಿಯಲ್ಲಿ ಕಂಡವರಿಲ್ಲ. ಮದುವೆಯ ಕೋಟು ಅರ್ಧಕ್ಕೆ ನಿಂತಿರಲಿ, ಮದುಮಗನೇ ಬಂದು ಬಾಗಿಲು ಬಡಿಯಲಿ, ದರ್ಜಿ ಬಯಲಿನಲ್ಲಿರುತ್ತಿದ್ದ. "ಗಂಡಸರು ವಯಸ್ಸಾದ ಮೇಲೆ ದೇವರ ಕಡೆ ತಿರುಗ್ತಾರಂತೆ. ನಮ್ಮನೇದು ಗಾಳಿಪಟದ ಕಡೆ ತಿರುಗಿದೆ" ಎಂದು ಅವನ ಹೆಂಡತಿ ಪಕ್ಕದ ಮನೆಯವಳ ಹತ್ತಿರ ಹೇಳಿಕೊಳ್ಳುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು ಎಂಬುದನ್ನೂ ಸೇರಿಸಬೇಕು, ಇಲ್ಲದಿದ್ದರೆ ಆ ಹೆಂಗಸಿಗೆ ಅನ್ಯಾಯವಾಗುತ್ತದೆ.

ಬಯಲೆಂದರೆ ಊರಾಚೆ ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ಹಿಂದಿನ ಜಾಗ. ಮರವಿಲ್ಲ, ಕರೆಂಟಿನ ತಂತಿಯಿಲ್ಲ, ಗಾಳಿಗೆ ಅಡ್ಡವಾಗಿದ್ದ ಒಂದೇ ಒಂದು ಗೋಡೆಯೂ ಮೊಣಕಾಲೆತ್ತರಕ್ಕೆ ಕುಸಿದು ಕೂರಲು ಕಟ್ಟೆಯಾಗಿತ್ತು. ಅಲ್ಲಿಗೆ ಬರುತ್ತಿದ್ದವರು ಮೂವರು. ದರ್ಜಿ ಒಬ್ಬ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಮೇಷ್ಟ್ರು ಇನ್ನೊಬ್ಬರು. ಮೂರನೆಯವನು ಮನೆಮನೆ ತಿರುಗಿ ಕರೆಂಟಿನ ಮೀಟರು ನೋಡುವವನು. ಎಲೆ ಅಲ್ಲಾಡದ ದಿನವೂ "ಹತ್ತೇ ನಿಮಿಷ ತಡೀರಿ, ಗಾಳಿ ಬಂದೇ ಬರುತ್ತೆ" ಎನ್ನುತ್ತಿದ್ದ ಕಾರಣ ಅವನಿಗೆ ಹವಾಮಾನ ಎಂದೇ ಹೆಸರು ಬಿದ್ದಿತ್ತು.

ಅವರು ಹಾರಿಸುತ್ತಿದ್ದದ್ದು ಮಕ್ಕಳ ಬಾಲಂಗೋಚಿ ಪಟವಲ್ಲ, ಕಸರತ್ತಿನ ಪಟ. ಮಡಚಿದರೆ ಉದ್ದನೆಯ ಚೀಲದಲ್ಲಿ ಹಿಡಿಸುತ್ತದೆ, ಬಿಡಿಸಿದರೆ ಆಳೆತ್ತರ. ಅದಕ್ಕೆ ಎರಡು ದಾರ, ಕೈಗೊಂದು. ಬಲದಾರ ಎಳೆದರೆ ಪಟ ಬಲಕ್ಕೆ ಹೊರಳುತ್ತದೆ, ಎಡದಾರ ಎಳೆದರೆ ಎಡಕ್ಕೆ. ಎರಡೂ ಕೈ ಸಮವಾಗಿದ್ದರೆ ಅಡಿಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ನೆಟ್ಟಗೆ ಮೇಲೇರುತ್ತದೆ. ಪಲ್ಟಿ ಹೊಡೆಸಬಹುದು, ನೆಲ ಗೇಣು ದೂರವಿರುವಾಗ ಗಕ್ಕನೆ ನಿಲ್ಲಿಸಬಹುದು. ಆದರೆ ಎರಡು ದಾರದ ಉದ್ದದಲ್ಲಿ ಬೆರಳಗಲ ವ್ಯತ್ಯಾಸ ಬಂದರೂ ಪಟ ಹಟಮಾರಿ ಎತ್ತಿನಂತೆ ಒಂದೇ ಕಡೆಗೆ ಎಳೆಯುತ್ತದೆ.

ಅವರದೊಂದು ಪದ್ಧತಿಯಿತ್ತು, ಮೇಷ್ಟ್ರು ಮಾಡಿದ್ದು. ಮೊದಲು ಅವರವರ ಪಟ ಅವರವರು ಹಾರಿಸುವುದು, ಆಮೇಲೆ ಅದಲುಬದಲು. ಒಬ್ಬರ ಪಟವನ್ನು ಇನ್ನೊಬ್ಬರು ಹಾರಿಸಿ, ಯಾವುದು ತಿರುವಿನಲ್ಲಿ ಚುರುಕು, ಯಾವುದು ಜೋರುಗಾಳಿಗೆ ನಡುಗುತ್ತದೆ ಎಂದು ಹೋಲಿಸಿ, ಮುಖ ನೋಡದೆ ತಪ್ಪು ಹೇಳಬೇಕು. ಆ ಹೊತ್ತಿನಲ್ಲಿ ಪಟದ ಯಜಮಾನ ಬಾಯಿ ಬಿಡುವಂತಿಲ್ಲ. "ಹೆತ್ತವರಿಗೆ ಹೆಗ್ಗಣ ಮುದ್ದು. ಅದಕ್ಕೇ ಹೆತ್ತವರು ಸುಮ್ಮನಿರಬೇಕು" ಎನ್ನುತ್ತಿದ್ದರು ಮೇಷ್ಟ್ರು.

ದರ್ಜಿಗೆ ಈ ಹುಚ್ಚು ಹಿಡಿಸಿದವರೂ ಅವರೇ. ವರ್ಷಗಳ ಹಿಂದೆ ಒಂದು ಭಾನುವಾರ ಹೊಲಿದ ಪ್ಯಾಂಟು ಕೊಡಲು ಅವರ ಮನೆಗೆ ಹೋದಾಗ ಅವರ ಹೆಂಡತಿ "ಅವರು ಬಯಲಲ್ಲಿದಾರೆ, ಅಲ್ಲೇ ಕೊಟ್ಟುಬಿಡಿ" ಎಂದಿದ್ದಳು. ಬಯಲಿಗೆ ಹೋದವನ ಕೈಯಿಂದ ಮೇಷ್ಟ್ರು ಪ್ಯಾಂಟು ತೆಗೆದುಕೊಂಡು ಅವನ ಕೈಗಳಿಗೆ ಎರಡು ದಾರದ ಕೈಪಟ್ಟಿಗಳನ್ನು ಹಾಕಿದರು. ಪಟ ಒಮ್ಮೆ ಜಗ್ಗಿತು ನೋಡಿ, ಇಡೀ ವಾರ ಬಗ್ಗಿಸಿಕೊಂಡೇ ಇರುತ್ತಿದ್ದ ಅವನ ಬೆನ್ನು ಅವತ್ತು ನೆಟ್ಟಗಾಯಿತು. ಅಲ್ಲಿಂದ ಮೇಷ್ಟ್ರೆಂದರೆ ಅವನಿಗೆ ಪ್ರಾಣ. ಮೇಷ್ಟ್ರ ಹೆಂಡತಿ ಅಕ್ಕನಾದಳು. ಒಡಹುಟ್ಟಿದವರಿಲ್ಲದ ಅವಳಿಗೆ ಅವನು ತಮ್ಮನಾದ. "ಬಾರೋ ತಮ್ಮಾ, ಕೂತ್ಕೋ" ಎಂದು ಅವಳು ಏಕವಚನದಲ್ಲಿ ಕರೆದರೆ ದರ್ಜಿಗೆ ಯಾರೋ ಬೆನ್ನು ಸವರಿದಂತಾಗುತ್ತಿತ್ತು.

ಒಂದು ಭಾನುವಾರ ಮೇಷ್ಟ್ರ ಪಟ ಬಲಕ್ಕೆ ಎಳೆಯತೊಡಗಿತು.

ಮೊದಲು ಗುಮಾನಿ ಬಿದ್ದದ್ದು ಸೂತ್ರದ ಮೇಲೆ. ಬಿಚ್ಚಿ ಹೊಸದಾಗಿ ಕಟ್ಟಿದರು. ಮತ್ತೆ ಬಲಕ್ಕೆ. ಕಡ್ಡಿ ಬದಲಾಯಿಸಿದರು. ದಾರಗಳ ಒಂದು ತುದಿಯನ್ನು ಗೂಟಕ್ಕೆ ಸಿಕ್ಕಿಸಿ, ಇನ್ನೊಂದು ತುದಿ ಜೋಡಿಸಿ ಎಳೆದು ಅಳೆದರು. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಕೊನೆಗೆ ಅದಲುಬದಲಿನಲ್ಲಿ ಗುಟ್ಟು ಹೊರಬಿತ್ತು. ಮೇಷ್ಟ್ರ ಪಟ ದರ್ಜಿಯ ಕೈಯಲ್ಲಿ ನೆಟ್ಟಗೆ ಹಾರಿತು, ಹವಾಮಾನನ ಕೈಯಲ್ಲೂ ನೆಟ್ಟಗೆ ಹಾರಿತು. ದರ್ಜಿಯ ಪಟ ಮೇಷ್ಟ್ರ ಕೈಗೆ ಹೋದದ್ದೇ ತಡ, ಬಲಕ್ಕೆ ವಾಲಿಕೊಂಡು ಹೋಗಿ ಮೂಗು ಕೆಳಗಾಗಿ ಬಿತ್ತು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ!" ಎಂದು ಹವಾಮಾನ ಹೊಟ್ಟೆ ಹಿಡಿದುಕೊಂಡು ನಕ್ಕ. "ಮೇಷ್ಟ್ರೆ, ಪಟಕ್ಕಲ್ಲ, ನಿಮ್ಮ ಕೈಗೆ ಸೂತ್ರ ಕಟ್ಟಬೇಕು."

ದರ್ಜಿಯೂ ನಕ್ಕ. ಮೇಷ್ಟ್ರೂ ನಕ್ಕರು. ದಾರದಲ್ಲಿ ಕೂದಲೆಳೆ ಹೆಚ್ಚುಕಡಿಮೆಯಾದರೆ ಹಿಡಿಯಬಲ್ಲ ಮೂವರು ಬುದ್ಧಿವಂತರು ಅಲ್ಲಿದ್ದರು. ಮೂವರಲ್ಲಿ ಒಬ್ಬನಾದರೂ ಆ ಎಡಗೈಯನ್ನು ತಿರುಗಿ ನೋಡಲಿಲ್ಲ.

ಮುಂದಿನ ವಾರಗಳಲ್ಲಿ ನಗೆ ಕಡಿಮೆಯಾಯಿತು. ಮೇಷ್ಟ್ರು ಪಟ ಬೀಳಿಸುವುದು, ಎತ್ತಿಕೊಂಡು ಬರುವುದು, ಮತ್ತೆ ಬೀಳಿಸುವುದು. ಹವಾಮಾನನ ಬಾಯಿಗೆ ಬೀಗವಿರಲಿಲ್ಲ. ಒಂದು ಸಲ ಆಡಿದ್ದನ್ನೇ ಏಳು ಸಲ ಆಡುವ ಜಾತಿ ಅವನದು. ಒಂದು ದಿನ ಮೇಷ್ಟ್ರು ಹೊತ್ತಿಗೆ ಮುಂಚೆಯೇ ಪಟ ಮಡಚಿದರು.

"ನನಗಿನ್ನು ಸಾಕು ಅನ್ಸುತ್ತೆ ಕಣಯ್ಯ. ಈ ಪಟ ಯಾರಾದ್ರೂ ತಗೊಂಡ್ಹೋಗಿ. ಮನೇಲಿ ಸುಮ್ಮನೆ ಧೂಳು ತಿನ್ನೋದು ಬೇಡ."

ಮೇಷ್ಟ್ರಿಲ್ಲದ ಭಾನುವಾರ ದರ್ಜಿಗೆ ಬೇಕಿರಲಿಲ್ಲ. ಅವರ ಮುಖದಲ್ಲಿ ಆ ಹೊತ್ತು ಕಂಡ ಸೋಲನ್ನು ಅವನಿಂದ ನೋಡಲಾಗಲಿಲ್ಲ. ಏನು ಹೇಳಬೇಕೋ ತಿಳಿಯದೆ, "ದಾರ ಕೊಡಿ ಮೇಷ್ಟ್ರೆ, ಮಣ್ಣು ಕೂತಿದೆ. ತೊಳೆದು ತರ್ತೀನಿ" ಎಂದ.

ಅವನ ಕಸುಬಿನ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಅಂಗಡಿಗೆ ಬರುವವರಲ್ಲಿ ಎರಡು ಭುಜ ಸಮ ಇರುವವರು ಅಪರೂಪ. ಒಬ್ಬರಿಗೆ ಎಡ ಇಳಿದಿರುತ್ತದೆ, ಒಬ್ಬರಿಗೆ ಬಲ. ಅಳತೆ ತೆಗೆಯುವಾಗಲೇ ದರ್ಜಿಯ ಬೆರಳಿಗೆ ತಿಳಿಯುತ್ತದೆ. ಅವನು ಹೇಳುವುದಿಲ್ಲ. ಇಳಿದ ಕಡೆ ಒಳಗೊಂದು ಪದರ ಹತ್ತಿ ಹೆಚ್ಚು ಇಟ್ಟು, ಮೇಲೆ ಅಸ್ತರು ಹೊಲಿದುಬಿಡುತ್ತಾನೆ. ಗಿರಾಕಿ ಕನ್ನಡಿಯ ಮುಂದೆ ನಿಂತು "ನೀನು ಹೊಲಿದರೆ ಮೈಗೆ ಚೆನ್ನಾಗಿ ಕೂರುತ್ತೆ" ಎಂದು ಬೀಗಿಕೊಂಡು ಹೋಗುತ್ತಾನೆ. ಯಾರ ಮನಸ್ಸೂ ನೋಯಲಿಲ್ಲ, ಕೋಟೂ ನೆಟ್ಟಗೆ ನಿಂತಿತು. ಇಷ್ಟು ವರ್ಷದಲ್ಲಿ ಇದರಿಂದ ಯಾರಿಗೂ ಕೆಟ್ಟದ್ದಾಗಿರಲಿಲ್ಲ.

ಮೇಷ್ಟ್ರ ದಾರದ ಮೇಲೂ ಅವನು ಅದೇ ಕೈಚಳಕ ಮಾಡಿದ. ಕೈಪಟ್ಟಿಗೆ ಸಿಕ್ಕಿಸುವ ತುದಿಯಲ್ಲಿ ದಾರದ ಮೇಲೊಂದು ಬಟ್ಟೆಯ ಕವಚವಿರುತ್ತದೆ. ಎಡದಾರದ ಕವಚ ಬಿಚ್ಚಿ, ಒಳಗೆ ಒಂದು ಗಂಟು ಹಾಕಿ, ದಾರವನ್ನು ಎರಡು ಬೆರಳಿನಷ್ಟು ಗಿಡ್ಡ ಮಾಡಿದ. ಮೇಲೆ ಕವಚವನ್ನು ಮೊದಲಿನಂತೆಯೇ ಹೊಲಿದ. ಎಡಗೈ ಎಷ್ಟು ಸಡಿಲ ಬಿಡುತ್ತದೋ ಅಷ್ಟನ್ನು ಗಂಟು ಎಳೆದು ಹಿಡಿಯುತ್ತದೆ. ಸರಿಯಾದ ಕೈಯವನು ಹಾರಿಸಿದರೆ ಈಗ ಪಟ ಎಡಕ್ಕೆ ಹೋಗುತ್ತದೆ. ಮೇಷ್ಟ್ರ ಕೈಯಲ್ಲಿ ಮಾತ್ರ ನೆಟ್ಟಗೆ.

ಹಾಗಾದರೆ ಅದಲುಬದಲಿನಲ್ಲಿ ಸಿಕ್ಕಿಬೀಳುವುದಿಲ್ಲವೇ? ಅದನ್ನೂ ಅವನು ಯೋಚಿಸಿದ್ದ. ಭಾನುವಾರ ಬಯಲಿಗೆ ಬಂದವನೇ, "ಇನ್ನು ಅದಲುಬದಲು ಬೇಡ. ಹತ್ತು ಕೈ ಮುಟ್ಟಿದ ಪಟ ಯಾರ ಕೈಗೂ ಒಗ್ಗಲ್ಲ. ಮೇಷ್ಟ್ರಿಗೆ ಆಗಿರೋದೂ ಅದೇ" ಎಂದ. ಹವಾಮಾನ ಗೊಣಗಿದ. ಮೇಷ್ಟ್ರು ಮಾತ್ರ ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ ಆ ಮಾತು ಹಿಡಿದುಕೊಂಡರು.

ಅವತ್ತು ಪಟ ನೆಲದಿಂದ ಎದ್ದು ನೆಟ್ಟಗೆ, ಎತ್ತಲೂ ವಾಲದೆ, ನೆತ್ತಿಯವರೆಗೆ ಹೋಯಿತು. ಮೇಷ್ಟ್ರು ಮಗುವಿನಂತೆ ಕೂಗಿದರು. "ನೋಡ್ರೋ! ಕೈಗೆ ಸೂತ್ರ ಕಟ್ಟಬೇಕಂತೆ! ಎಲ್ಲೋ ಅವನು ಹವಾಮಾನ, ಬಾರೋ ಇಲ್ಲಿ!" ಹಿಂತಿರುಗುವಾಗ ಇಬ್ಬರಿಗೂ ಚಹಾ ಕುಡಿಸಿದರು, ದಾರಿಯುದ್ದಕ್ಕೂ ಮಾತಾಡಿದರು. ದರ್ಜಿಗೆ ಆ ದಿನ ಆದ ಸಂತೋಷ ಸುಳ್ಳಲ್ಲ. ಅಂಥ ಒಳ್ಳೆಯ ಕೆಲಸ ತಾನು ಜೀವಮಾನದಲ್ಲಿ ಹೊಲಿದಿಲ್ಲ ಅಂದುಕೊಂಡ.

ಕೆಲವು ತಿಂಗಳು ಹೀಗೇ ನಡೆಯಿತು. ಆಮೇಲೆ ಪಟ ಮತ್ತೆ ಮೆಲ್ಲನೆ ಬಲಕ್ಕೆ ಎಳೆಯಿತು. ಮೇಷ್ಟ್ರ ಹುಬ್ಬು ಗಂಟಿಕ್ಕುವ ಮೊದಲೇ ದರ್ಜಿ ದಾರ ತೊಳೆಯಲು ಕೇಳಿದ. ಮನೆಗೆ ತಂದು, ಕವಚ ಬಿಚ್ಚಿ, ಎರಡನೆಯ ಗಂಟು ಹಾಕಿದ.

ಇಳಿದ ಭುಜ ಇಳಿದಷ್ಟೇ ಇರುತ್ತದೆ, ತಿಂಗಳಿಂದ ತಿಂಗಳಿಗೆ ಇನ್ನಷ್ಟು ಇಳಿಯುವುದಿಲ್ಲ. ಇದು ಅವನಿಗೆ ಗೊತ್ತಿತ್ತು. ಸೂಜಿ ಹಿಡಿದ ಕೈ ಒಂದು ಗಳಿಗೆ ನಿಂತದ್ದೂ ನಿಜ. ಮೇಷ್ಟ್ರನ್ನು ಒಂದು ಮಾತು ಕೇಳೋಣವೇ ಎಂದು ಬಂದ ಯೋಚನೆಯನ್ನು, ಕೇಳಿದರೆ ಮೊದಲ ಗಂಟಿನ ವಿಷಯವೂ ಹೇಳಬೇಕಾಗುತ್ತದಲ್ಲ ಎಂಬ ಇನ್ನೊಂದು ಯೋಚನೆ ತಳ್ಳಿಹಾಕಿತು. ಅಷ್ಟರಲ್ಲಿ ಹೆಂಡತಿ ಊಟಕ್ಕೆ ಕರೆದಳು. ಅವನು ಹೊಲಿಗೆ ಮುಗಿಸಿ ದಾರ ಸುತ್ತಿಟ್ಟ.

ಮೇಷ್ಟ್ರು ಬಿದ್ದದ್ದು ತರಗತಿಯಲ್ಲಿ, ಕರಿಹಲಗೆಯ ಮುಂದೆ, ಅರ್ಧ ಲೆಕ್ಕದಲ್ಲಿ. ಆಸ್ಪತ್ರೆಯಲ್ಲಿ ತಲೆಯ ಒಳಗಿನ ಚಿತ್ರ ತೆಗೆದು ನೋಡಿದರು. ಒಂದು ಗೆಡ್ಡೆ ಬೆಳೆದು ಒತ್ತುತ್ತಿತ್ತು. ಬಹಳ ದಿನದಿಂದ ಬೆಳೆದದ್ದು ಎಂದರು. ಅದನ್ನು ತೆಗೆದರು, ಜೀವ ಉಳಿಯಿತು. ಎಡಗೈ ಉಳಿಯಲಿಲ್ಲ, ಎಡಗಾಲೂ ಅರ್ಧಂಬರ್ಧ. "ಕೈಯಲ್ಲಿ ಶಕ್ತಿ ಕಡಿಮೆಯಾಗಿದ್ದು ಶುರುವಿನಲ್ಲೇ ಗೊತ್ತಾಗಿರಬೇಕಲ್ಲ? ಆಗಲೇ ಬಂದಿದ್ದರೆ ಇಷ್ಟಾಗ್ತಿರಲಿಲ್ಲ" ಎಂದರು ಡಾಕ್ಟರು, ಬಯ್ಯುವ ದನಿಯಲ್ಲೇನೂ ಅಲ್ಲ.

ಆಸ್ಪತ್ರೆಯ ಓಣಿಯಂಥ ವರಾಂಡದಲ್ಲಿ ಕಬ್ಬಿಣದ ಬೆಂಚಿನ ಮೇಲೆ ಅಕ್ಕ ಕೂತಿದ್ದಳು. ದರ್ಜಿ ಪಕ್ಕದಲ್ಲಿ ಕೂತ. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೇಳಿದಳು:

"ಎಷ್ಟು ಸಲ ಬಡ್ಕೊಂಡೆ ತಮ್ಮಾ ಇವರಿಗೆ. ಲೋಟ ಬೀಳಿಸೋರು, ಅಂಗಿ ಗುಂಡಿ ಹಾಕ್ಕೊಳ್ಳೋಕೆ ನನ್ನ ಕರೆಯೋರು. ನಡೀರಿ ಡಾಕ್ಟರ ಹತ್ರ ಅಂದ್ರೆ ನನ್ನನ್ನೇ ಹಾಸ್ಯ ಮಾಡೋರು. 'ಭಾನುವಾರ ಬಯಲಿಗೆ ಬಂದು ನೋಡು, ಪಟ ನೆಟ್ಟಗೆ ಹಾರುತ್ತೆ. ಕೈಯಲ್ಲಿ ಏನಾದ್ರೂ ಊನ ಇದ್ದಿದ್ರೆ ಪಟ ಸುಳ್ಳು ಹೇಳುತ್ತಾ?' ಅನ್ನೋರು. ನನಗೇನು ಗೊತ್ತಾಗುತ್ತೆ ಪಟದ ವಿಷಯ? ಇರಬಹುದು ಅಂತ ಸುಮ್ಮನಾದೆ. ನಾನು ಸುಮ್ಮನಾಗಬಾರದಿತ್ತು ಕಣೋ."

"ನಿಮ್ಮ ತಪ್ಪೇನೂ ಇಲ್ಲ ಅಕ್ಕ" ಎಂದ ದರ್ಜಿ. ಅದು ನಿಜವೇ ಆಗಿತ್ತು, ಅರ್ಧ ನಿಜ. ಅವನ ಅನ್ನದ ರುಚಿ ಅವತ್ತೇ ಹೋಯಿತು. ಅಂಗಡಿಯಲ್ಲಿ ಯಾರದೋ ಇಳಿದ ಭುಜಕ್ಕೆ ಹತ್ತಿ ಇಡಲು ಹೋದವನು ಸೂಜಿ ಕೆಳಗಿಡುತ್ತಿದ್ದ. ಮಾಡಿದ್ದು ಪ್ರೀತಿಯಿಂದಲೇ ಎಂದು ಮನಸ್ಸಿಗೆ ಎಷ್ಟು ಸಮಾಧಾನ ಹೇಳಿದರೂ, ಆ ಪ್ರೀತಿಯ ಕೂಲಿ ಕೊಟ್ಟವರು ಮೇಷ್ಟ್ರು ಎಂಬುದು ಅಳಿಸಿಹೋಗಲಿಲ್ಲ. ಮೇಷ್ಟ್ರ ಮನೆಗೆ ಎರಡು ದಿನಕ್ಕೊಮ್ಮೆ ಹೋದ, ಔಷಧಿ ತಂದುಕೊಟ್ಟ, ಅವರ ಅಂಗಿಗಳ ಗುಂಡಿ ಕಿತ್ತು, ಒಂದೇ ಕೈಯಲ್ಲಿ ಹಾಕಿಕೊಳ್ಳಲು ಬರುವಂಥ ಅಂಟುಪಟ್ಟಿ ಹೊಲಿದುಕೊಟ್ಟ. ಹೇಳಲಿಲ್ಲ.

ಪಟದ ಚೀಲ ಮೇಷ್ಟ್ರ ಮಂಚದ ಪಕ್ಕದಲ್ಲೇ ಒರಗಿರುತ್ತಿತ್ತು. ಒಂದು ಮಧ್ಯಾಹ್ನ, ಅವರಿಗೆ ನಿದ್ದೆ ಹತ್ತಿದೆ ಅಂದುಕೊಂಡು ದರ್ಜಿ ಚೀಲಕ್ಕೆ ಕೈ ಹಾಕಿದ. ಎರಡು ಹೊಲಿಗೆ ಬಿಚ್ಚಿ ಗಂಟು ತೆಗೆದರೆ ಸಾಕಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ.

"ಮುಟ್ಟಬೇಡ" ಎಂದರು ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ. "ಬಯಲಿಗೆ ಹೋದಾಗಲೇ ಬಿಚ್ಚೋದು. ಅಲ್ಲಿವರೆಗೂ ನಾನು ಹೇಗೆ ಬಿಟ್ಟಿದ್ನೋ ಹಾಗೇ ಇರಲಿ."

ಡಾಕ್ಟರು ಹೊರಗೆ ಓಡಾಡಬಹುದು ಎಂದ ಮೊದಲ ಭಾನುವಾರ ಮೇಷ್ಟ್ರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಬಯಲಿಗೆ ಕರೆತಂದರು. ಇಟ್ಟಿಗೆ ಚೂರುಗಳ ನಡುವೆ ಕುರ್ಚಿ ತಳ್ಳಿಕೊಂಡು ಬಂದವನು ದರ್ಜಿ. ಅಕ್ಕ ಸ್ವಲ್ಪ ದೂರದಲ್ಲಿ, ಕುಸಿದ ಗೋಡೆಯ ಮೇಲೆ ಫ್ಲಾಸ್ಕು ಇಟ್ಟುಕೊಂಡು ಕೂತಳು. ಗಾಳಿ ಹದವಾಗಿತ್ತು. ಮೇಷ್ಟ್ರು ತಮ್ಮ ಪಟವನ್ನು ಹವಾಮಾನನ ಕೈಗೆ ಕೊಡಿಸಿದರು.

"ಇವತ್ತು ಹಳೇ ಪದ್ಧತಿ" ಎಂದರು. ಅವರ ಮಾತು ಇನ್ನೂ ಸ್ವಲ್ಪ ತೊದಲುತ್ತಿತ್ತು. "ನನ್ನ ಪಟ ಬೇರೆಯವರು ಹಾರಿಸಲಿ. ನಾನು ಬಾಯಿ ಬಿಡಲ್ಲ."

"ಮೇಷ್ಟ್ರೆ, ನನ್ನದು ಹಾರಿಸ್ತೀನಿ, ಅದೇ ಚೆನ್ನಾಗಿದೆ..." ಎಂದು ದರ್ಜಿ ಏನೋ ಹೇಳಹೊರಟ. ಅಷ್ಟರಲ್ಲಿ ಹವಾಮಾನ ಹಿಂದೆ ಹೆಜ್ಜೆ ಇಟ್ಟು ಎರಡು ಕೈಯಲ್ಲೂ ಎಳೆದಾಗಿತ್ತು. ಪಟ ಎದ್ದಿತು, ಎದ್ದದ್ದೇ ಎಡಕ್ಕೆ ಹೊರಳಿ, ಅರ್ಧಚಕ್ರ ತಿರುಗಿ, ನೆಲಕ್ಕೆ ಬಡಿಯಿತು.

"ಗಾಳಿ ತಿರುಗ್ತು" ಎಂದ ಹವಾಮಾನ. ಮತ್ತೆ ಎತ್ತಿದ. ಮತ್ತೆ ಎಡಕ್ಕೆ. ಮೂರನೆಯ ಸಲ ಅವನು ಮೇಷ್ಟ್ರ ಕಡೆ ನೋಡಿದ. ಯಜಮಾನ ಮಾತಾಡಬಾರದೆಂಬ ತಮ್ಮದೇ ನಿಯಮವನ್ನು ಮೇಷ್ಟ್ರು ಆಗ ಮುರಿದರು.

"ದಾರ ಅಳೆದು ನೋಡು."

ಹವಾಮಾನ ಎರಡು ತುದಿ ಜೋಡಿಸಿ ಎಳೆದ. ಎಡದಾರ ನಾಲ್ಕು ಬೆರಳು ಗಿಡ್ಡವಿತ್ತು. ಅವನು ಕವಚವನ್ನು ಹಿಸುಕಿದ. "ಒಳಗೆ ಏನೋ ಗಂಟಿದೆ ಮೇಷ್ಟ್ರೆ. ಮೇಲೆ ಎಷ್ಟು ಚೆನ್ನಾಗಿ ಹೊಲಿದಿದಾರೆ ನೋಡಿ, ಗೊತ್ತೇ..." ಎಂದವನು ಅಲ್ಲಿಗೇ ನಿಲ್ಲಿಸಿದ.

ಮೇಷ್ಟ್ರು ದಾರವನ್ನು ಕೇಳಿ ಬಲಗೈಯಲ್ಲಿ ತೆಗೆದುಕೊಂಡರು. ಕವಚದ ಮೇಲೆ ಹೆಬ್ಬೆರಳಾಡಿಸಿದರು. ಲೆಕ್ಕದ ಮೇಷ್ಟ್ರಿಗೆ ಇಷ್ಟು ಸಣ್ಣ ಲೆಕ್ಕ ಬಿಡಿಸಲು ಎಷ್ಟು ಹೊತ್ತು ಬೇಕು? ತಲೆ ಎತ್ತದೆ ಕೇಳಿದರು:

"ಎಷ್ಟು ಗಂಟು?"

"ಎರಡು" ಎಂದ ದರ್ಜಿ.

"ಒಂದೇ ಸಲಕ್ಕೆ ಹಾಕಿದ್ದಾ?"

"ಇಲ್ಲ ಮೇಷ್ಟ್ರೆ. ಒಂದು ಮೊದಲು. ಇನ್ನೊಂದು... ಮತ್ತೆ ವಾಲೋಕೆ ಶುರುವಾದಾಗ." ಅವನ ಕಣ್ಣು ತುಂಬಿ ಬಯಲೆಲ್ಲ ಮಸುಕಾಯಿತು. "ನೀವು ಬಿಟ್ಟುಬಿಡ್ತೀನಿ ಅಂದ್ರಲ್ಲ. ನಿಮ್ಮ ಮುಖ ನೋಡೋಕಾಗಲಿಲ್ಲ ನನಗೆ."

ಮೇಷ್ಟ್ರು ಮಡಿಲಲ್ಲಿ ಬಿದ್ದಿದ್ದ ತಮ್ಮ ಎಡಗೈಯನ್ನು, ಅದು ಬೇರೆ ಯಾರದೋ ವಸ್ತು ಎಂಬಂತೆ ನೋಡಿದರು.

"ಮೊದಲನೇದು ಬಿಡು. ಅವತ್ತು ನನಗೂ ಗೊತ್ತಿರಲಿಲ್ಲ, ನಿನಗೂ ಗೊತ್ತಿರಲಿಲ್ಲ" ಎಂದರು. "ಎರಡನೇ ಸಲಾನಾದ್ರೂ, ಕೈ ಹೇಗಿದೆ ಮೇಷ್ಟ್ರೆ ಅಂತ ಒಂದು ಮಾತು ಕೇಳಬಾರದಿತ್ತೇನೋ?"

ದರ್ಜಿ ಕುರ್ಚಿಯ ಹಿಡಿಯನ್ನು ಹಿಡಿದುಕೊಂಡು ನಿಂತ.

ಅಕ್ಕ ಗೋಡೆಯಿಂದೆದ್ದು ಫ್ಲಾಸ್ಕು ಹಿಡಿದು ಈ ಕಡೆ ಬರತೊಡಗಿದಳು. ಮೇಷ್ಟ್ರು ಅದನ್ನು ಕಂಡು ದನಿ ತಗ್ಗಿಸಿದರು. "ಅವಳಿಗೆ ಹೇಳಬೇಡ. ಹೇಳಿದ್ರೆ ನಿನ್ನನ್ನ ಮನೆ ಹೊಸ್ತಿಲು ತುಳಿಸಲ್ಲ. ಆಮೇಲೆ ನನ್ನ ನೋಡೋಕೆ ಯಾರು ಬರ್ತಾರೆ? ಶಾಲೆಯೋರು ಆಗಲೇ ನಿಲ್ಲಿಸಿದಾರೆ."

ಇಷ್ಟಾದರೂ ಕೈಬಿಡದ ಪ್ರೀತಿಯ ಮಾತು ಅದು. ದರ್ಜಿಗೆ ಬೇಕಾದದ್ದೂ ಅದೇ ಆಗಿತ್ತು: ಮೇಷ್ಟ್ರ ಬಾಯಿಂದಲೇ ಅಪ್ಪಣೆಯಾಗಿದೆ, ಇದನ್ನೊಂದು ಒಳಗಿಟ್ಟು ಹೊಲಿದುಬಿಟ್ಟರೆ ಎಲ್ಲ ಮೊದಲಿನಂತೆ ನಡೆಯುತ್ತದೆ. ಅಕ್ಕ ಹತ್ತಿರ ಬಂದಳು. ಮೂವರ ಮುಖ ನೋಡಿದಳು.

"ಏನಾಯ್ತು? ಯಾಕೆ ಎಲ್ಲರೂ ಹೀಗೆ ನಿಂತಿದೀರ? ಪಟ ಯಾಕೆ ಹಾರ್ತಿಲ್ಲ ತಮ್ಮಾ?"

ಮೇಷ್ಟ್ರು ಅವನನ್ನೇ ನೋಡುತ್ತಿದ್ದರು. ತಲೆಯನ್ನು ಇಷ್ಟೇ ಇಷ್ಟು ಅಡ್ಡ ಆಡಿಸಿದರು, ಬೇಡ ಎಂದು.

ಎರಡು ಸಲ ಮುಚ್ಚಿದವನಿಗೆ ಮೂರನೆಯ ಸಲ ಕೈ ಬರಲಿಲ್ಲ. ದರ್ಜಿ ಹೇಳಿದ. ಮೊದಲನೆಯ ಗಂಟು, ಎರಡನೆಯ ಗಂಟು, ಅದಲುಬದಲು ನಿಲ್ಲಿಸಿದ್ದು, ಸೂಜಿ ಹಿಡಿದ ಕೈ ಒಂದು ಗಳಿಗೆ ನಿಂತದ್ದು. ಏನನ್ನೂ ಬಿಡಲಿಲ್ಲ. ಹೇಳಿ ಮುಗಿಸಿ, ಬಯ್ಗುಳಕ್ಕೆ ಕಾದ.

ಅಕ್ಕ ಬಯ್ಯಲಿಲ್ಲ. ಫ್ಲಾಸ್ಕನ್ನು ನೆಲಕ್ಕಿಟ್ಟಳು. ಬಗ್ಗಿ, ಗಂಡನ ಮಡಿಲಲ್ಲಿದ್ದ ಎಡಗೈಯನ್ನೆತ್ತಿ ಶಾಲಿನ ಒಳಗೆ ಸೇರಿಸಿದಳು. ಆಮೇಲೆ ಕುರ್ಚಿಯ ಹಿಂದೆ ಬಂದು ನಿಂತಳು.

"ಕೈ ತೆಗೀರಿ" ಎಂದಳು ದರ್ಜಿಗೆ, ಮುಖ ನೋಡದೆ. "ನಾನೇ ತಳ್ಕೊಂಡು ಹೋಗ್ತೀನಿ. ನೀವಿನ್ನು ಹೊರಡಿ."

ಅವನು ಕೈ ತೆಗೆದ. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು, ಅವಳು ಆಗಲೇ ಕುರ್ಚಿ ತಿರುಗಿಸಿದ್ದಳು. ಸ್ವಲ್ಪ ದೂರ ಹೋಗುವುದರಲ್ಲಿ ಇಟ್ಟಿಗೆ ಚೂರುಗಳಲ್ಲಿ ಗಾಲಿ ಸಿಕ್ಕಿಕೊಂಡಿತು. ಅವಳು ಮೈಯ ಭಾರವನ್ನೆಲ್ಲ ಹಾಕಿ ತಳ್ಳಿದಳು. ಅದು ಅಲುಗಲಿಲ್ಲ. ದರ್ಜಿ ಒಂದು ಹೆಜ್ಜೆ ಮುಂದಿಟ್ಟು ನಿಂತ. ಹವಾಮಾನ ಓಡಿಹೋಗಿ ಕುರ್ಚಿಯ ಒಂದು ಕಡೆ ಹಿಡಿದೆತ್ತಿದ. ಅವನನ್ನು ಅವಳು ಬೇಡ ಎನ್ನಲಿಲ್ಲ.